ಮರ ಯಾರದು, ಲೆಕ್ಕ ಯಾರದು?

ಗಂಡ ಆಯ್ದು ತಂದ ಅಕ್ಕಿ ದಿನದ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಯಾರ ಕಾಯಕಕ್ಕೆ ಎಷ್ಟು ಸಲ್ಲಬೇಕೆಂಬ ಆ ತಾಯಿಯ ಲೆಕ್ಕವನ್ನು ಇಂದಿನ ಹೊಸ ವ್ಯವಹಾರವೊಂದಕ್ಕೆ ಹಿಡಿದು ನೋಡಬೇಕಾಗಿದೆ.

ರೈತ ಗಿಡ ಬೆಳೆಸುತ್ತಾನೆ. ಗಿಡ ಹೀರಿದ ಇಂಗಾಲಕ್ಕೆ ಬೆಲೆ ಕಟ್ಟಲಾಗುತ್ತದೆ. ಅದು ಬ್ಲಾಕ್‌ಚೈನ್ ಎಂಬ ಗಣಕ ಖಾತೆಯಲ್ಲಿ ಟೋಕನ್ ಆಗಿ ಜಗತ್ತಿನ ಮಾರುಕಟ್ಟೆಗೆ ಹೋಗುತ್ತದೆ. ದಲ್ಲಾಳಿಯಿಲ್ಲದೆ ಹಣ ಹಳ್ಳಿಗೆ ಬರುತ್ತದೆ ಎಂಬುದು ಇದರ ಪ್ರತಿಪಾದಕರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಒಮ್ಮೆ ಬರೆದದ್ದನ್ನು ಆ ಖಾತೆಯಲ್ಲಿ ಯಾರೂ ಗುಟ್ಟಾಗಿ ತಿದ್ದಲಾರರು. ಆದರೆ ಬರೆಯುವಾಗಲೇ ಸುಳ್ಳು ಬರೆದಿದ್ದರೆ? ಹೆಬ್ಬೂರಿನ ರಾಗಿ ಹೊಲದ ಬದುವಿನಲ್ಲಿ ನೆಟ್ಟ ಹೊಂಗೆ ಸಸಿ ಮೂರನೆಯ ಬೇಸಿಗೆ ದಾಟಿತೇ ಎಂದು ಗಣಕಯಂತ್ರ ಹೋಗಿ ನೋಡಿ ಬರುವುದಿಲ್ಲ. ತಿದ್ದಲಾಗದ ಖಾತೆಯಲ್ಲಿ ಸುಳ್ಳೂ ತಿದ್ದಲಾಗದಂತೆ ಕುಳಿತುಬಿಡುತ್ತದೆ.

2021ರ ಅಕ್ಟೋಬರಿನಲ್ಲಿ ಹುಟ್ಟಿದ ಕ್ಲಿಮಾ ಎಂಬ ಟೋಕನ್ 3,000 ಡಾಲರ್ ದಾಟಿ, ಮರುವರ್ಷದ ನಡುವಿನ ಹೊತ್ತಿಗೆ ಕೆಲವೇ ಡಾಲರಿಗೆ ಕುಸಿಯಿತು. ಅದರ ಬೆನ್ನಿಗಿದ್ದ ಕಾರ್ಬನ್ ಕ್ರೆಡಿಟ್‌ಗಳಲ್ಲಿ ಬಹಳಷ್ಟು ಕೊಳ್ಳುವವರಿಲ್ಲದೆ ಬಿದ್ದಿದ್ದ ಹಳೆಯ ಸರಕು. ವೆರಾ ಎಂಬ ನೋಂದಣಿ ಸಂಸ್ಥೆ, ಬಳಸಿ ರದ್ದಾದ ಕ್ರೆಡಿಟ್‌ಗಳನ್ನು ಟೋಕನ್ ಮಾಡುವುದನ್ನು 2022ರ ಮೇ ತಿಂಗಳಲ್ಲಿ ನಿಷೇಧಿಸಬೇಕಾಯಿತು. ಕ್ರೆಡಿಟ್ ಎಂದೋ ಕೈಬದಲಾದ ಮೇಲೆ ಬೆಲೆ ಏರಿದರೆ, ಆ ಲಾಭ ಗಿಡ ಸಾಕಿದವನ ಮನೆಗೆ ಬರುವ ದಾರಿಯೇ ಇಲ್ಲ. ನಮ್ಮ ದೇಶದಲ್ಲಂತೂ ಇಂತಹ ಡಿಜಿಟಲ್ ಆಸ್ತಿ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ ಶೇ. 30ರ ತೆರಿಗೆಯಿದೆ. ಬೇಸಾಯದ ಆದಾಯಕ್ಕೆ ತೆರಿಗೆ ಕಟ್ಟಿ ಗೊತ್ತಿಲ್ಲದ ರೈತನಿಗೆ ಇದನ್ನು ಮೊದಲೇ ಹೇಳುವವರಾರು?

ಹಾಗೆಂದು ಹೊರಗಿನ ಹಣವೇ ಬೇಡವೆನ್ನುವುದು ಸೋಮಾರಿತನದ ವಾದ. ಬಾಗೇಪಲ್ಲಿಯ ಕೂಲಿ ಸಂಘದವರು 5,500 ಮನೆಗಳ ಗೋಬರ್ ಅನಿಲ ಯೋಜನೆಯನ್ನು ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ 2005ರಲ್ಲೇ ನೋಂದಾಯಿಸಿದರು. ಅಲ್ಲಿ ಟೋಕನ್ ಇರಲಿಲ್ಲ, ಸಂಘವಿತ್ತು. ಇನ್ನೂ ಹತ್ತಿರದ ನಿದರ್ಶನ ಗುಬ್ಬಿ ತಾಲ್ಲೂಕಿನ ಚೇಳೂರಿನದು. ಅಲ್ಲಿನ ರೈತರೊಬ್ಬರ ತೋಟದ ಕೆಂಪು ತೊಳೆಯ ಹಲಸನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ‘ಸಿದ್ದು’ ಎಂದು ಹೆಸರಿಸಿ, ಸಸಿಗಳ ಆದಾಯದಲ್ಲಿ ಶೇ. 75 ಪಾಲನ್ನು ಮರದ ಒಡೆಯನಿಗೇ ಬರೆದುಕೊಟ್ಟಿತು. ಪಾಲು ಎಷ್ಟೆಂದು ಮೊದಲೇ ಗೊತ್ತಿತ್ತು. ಸಾಮಾನ್ಯ ಕರಾರುಪತ್ರವೇ ಸಾಕಾಯಿತು.

ಟೋಕನ್ ಮಾರುವವರು ಬಂದಾಗ ಭಕ್ತರು ಕೇಳಬೇಕಾದುದು ಬಹಳವೇನಿಲ್ಲ. ಕರಾರು ಎಷ್ಟು ವರ್ಷದ್ದು? ಬರ ಬಿದ್ದು ಗಿಡ ಒಣಗಿದರೆ ನಷ್ಟ ಯಾರದು? ಪಹಣಿಯಲ್ಲಿ ಹೆಸರಿಲ್ಲದೆ ಪಾಲಿಗೆ ಉಳುವವನಿಗೆ, ಸಸಿಗೆ ಬಿಂದಿಗೆಯಲ್ಲಿ ನೀರು ಹೊತ್ತ ಹೆಣ್ಣುಮಗಳಿಗೆ ಎಷ್ಟು ಸಲ್ಲುತ್ತದೆ? ಇವಕ್ಕೆ ಕನ್ನಡದಲ್ಲಿ ಬರೆದ ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವವರೆಗೆ ಹೆಬ್ಬೂರು ಸೀಮೆಯಲ್ಲಿ ಯಾರೂ ಹೆಬ್ಬೆಟ್ಟು ಒತ್ತುವುದು ಬೇಡ.