ಬೇಲಿಗೆ ಡಬ್ಬಿ ತೂಗುಹಾಕುವ ಮುಂಚೆ ನೀರು ಹೊರುವವರನ್ನು ಕೇಳಿ

ದೀಪಾವಳಿಗೆ ಮುಂಚೆ ಹಿರೇಹಡಗಲಿಯ ನಮ್ಮ ಹಿತ್ತಲ ಬೇಲಿಗೆ 40 ಡಬ್ಬಿ ತೂಗುಹಾಕಿದ್ದೆ. ಒಂದೊಂದು ಲೀಟರಿನ ನೀರಿನ ಬಾಟಲಿಗಳು. ಅಡ್ಡ ಕೊಯ್ದು, ಬಣ್ಣ ಬಳಿದು, ಒಳಗೆ ಪೆಟೂನಿಯಾ ಸಸಿ. ಡಿಸೆಂಬರಿನಲ್ಲಿ ಆ ಬೇಲಿ ನೋಡಬೇಕಿತ್ತು, ಗುಲಾಬಿ, ನೇರಳೆ, ಬಿಳಿ! ಸ್ಟೇಟಸ್‌ಗೆ ಹಾಕಿದ್ದೇ ತಡ, 'ಅಣ್ಣಾ, ಸಸಿ ಎಲ್ಲಿ ತಂದ್ರಿ?' ಅಂತ ಮೆಸೇಜ್ ಮೇಲೆ ಮೆಸೇಜ್. ನಾನೂ ಉಬ್ಬಿಹೋಗಿ ಹತ್ತಾರು ಜನಕ್ಕೆ 'ನೀವೂ ಮಾಡಿ' ಅಂದುಬಿಟ್ಟೆ. ಆ ಮಾತನ್ನ ಅರ್ಧ ವಾಪಸ್ ತಗೊಳ್ಳೋಕೆ ಈ ಲೇಖನ ಬರೀತಿದ್ದೀನಿ.

ಪೆಟೂನಿಯಾ ಚಳಿಗಾಲದ ಹೂವು. ಶಿವರಾತ್ರಿ ಕಳೆದರೆ ನಮ್ಮ ಕಡೆ ಅದು ಸೊರಗೋದೇ. ತೋಟಗಾರಿಕೆ ಓದಿದ ನನಗೆ ಇದು ಗೊತ್ತಿತ್ತು, ಆದರೂ ಉಳಿಸ್ತೀನಿ ಅಂತ ಹಟ ಹಿಡಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ಆಮೇಲೆ ಮಧ್ಯಾಹ್ನಾನೂ ಬೇಕಾಯ್ತು. ನಾನು ಬೆಳಿಗ್ಗೆ ಆರಕ್ಕೇ ತರಕಾರಿ ಕೊಯ್ಲಿಗೆ ಹೊಲಕ್ಕೆ ಹೋದರೆ ತಿರುಗಿ ಬರೋದು ಸಂಜೆ. ಮಧ್ಯಾಹ್ನದ ನೀರು ಯಾರು ಹಾಕ್ತಿದಾರೆ ಅಂತ ನಾನು ಯೋಚನೆ ಮಾಡಿರಲೇ ಇಲ್ಲ.

ಏಪ್ರಿಲ್‌ನಲ್ಲಿ ಒಂದು ದಿನ ಪಂಪಿನ ಸಾಮಾನು ತಗೊಂಡು ಹೋಗೋಕೆ ಎರಡು ಗಂಟೆಗೆ ಮನೆಗೆ ಬಂದೆ. ಅವ್ವ ತಲೆ ಮೇಲೆ ಸೆರಗು ಹೊದ್ದು, ಕೊಡ ಪಕ್ಕಕ್ಕಿಟ್ಟುಕೊಂಡು ಬೇಲಿ ಉದ್ದಕ್ಕೂ ಒಂದೊಂದು ಡಬ್ಬಿಗೆ ಚೆಂಬಿನಲ್ಲಿ ನೀರು ಹಾಕ್ತಿದ್ದಳು. ಮೊಣಕಾಲು ನೋವು ಅವಳಿಗೆ. 'ಅಲ್ಲವ್ವ, ಈ ಬಿಸಿಲಾಗ ಯಾಕ?' ಅಂದ್ರೆ, 'ನೀ ಬರೋಮಟ ಇವು ತಡೀಬೇಕಲ್ಲ ತಮ್ಮಾ' ಅಂದಳು. ಆಮೇಲೆ ಕೂತು ಲೆಕ್ಕ ಹಾಕಿದೆ. ಡಬ್ಬಿಗೆ ಅರ್ಧ ಲೀಟರ್, ದಿನಕ್ಕೆ ಮೂರು ಸಲ, 40 ಡಬ್ಬಿ. ಒಟ್ಟು 60 ಲೀಟರ್, ಅಂದರೆ ನಾಲ್ಕು ಕೊಡ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಳದ ತೂತಿನಿಂದ ಸೋರಿ ನೆಲಕ್ಕೆ ಹೋಗ್ತಿತ್ತು. ನಲ್ಲಿ ನೀರು ದಿನಾ ಬಾರದ ಓಣಿಯಲ್ಲಿ ಬೇಸಿಗೆಯ ನಾಲ್ಕು ಕೊಡ ನೀರಿನ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ಯಾಕೆ ಇಷ್ಟು ನೀರು ಬೇಕು? ಅಡ್ಡ ಕೊಯ್ದ ಬಾಟಲಿಯಲ್ಲಿ ಹಿಡಿಯೋದು ಹೆಚ್ಚೆಂದರೆ ಮುಕ್ಕಾಲು ಲೀಟರ್ ಮಣ್ಣು. ಆ ಮಣ್ಣಿನಲ್ಲಿ ಬೇರಿಗೆ ಸಿಗೋ ಹಾಗೆ ನಿಲ್ಲುವ ನೀರು ಒಂದೂವರೆ ಟೀ ಲೋಟದಷ್ಟು. ಬೇಸಿಗೆಯಲ್ಲಿ ತುಂಬಿದ ಗಿಡ ಅದನ್ನ ಮಧ್ಯಾಹ್ನದೊಳಗೆ ಕುಡಿದು ಮುಗಿಸುತ್ತೆ. ನೆಲದಲ್ಲಿರೋ ಗಿಡದ ಬೇರು ತಂಪು ಹುಡುಕಿಕೊಂಡು ಕೆಳಗೆ ಇಳೀಬಹುದು, ತೂಗುಡಬ್ಬಿಯ ಬೇರಿಗೆ ಹೋಗೋಕೆ ಜಾಗವೇ ಇಲ್ಲ. ಮೇಲೆ, ಕೆಳಗೆ, ಸುತ್ತಲೂ ಬಿಸಿಗಾಳಿ. ತಂತಿ ಬೇಲಿಗೆ ಗೋಡೆಯ ಹಾಗೆ ನೆರಳೂ ಇರೋದಿಲ್ಲ. ಬೇಸಿಗೆ ಮುಗಿದರೆ ಬದುಕಿದೆ ಅಂದುಕೊಳ್ಳೋ ಹಾಗೂ ಇಲ್ಲ. ನಮ್ಮದು ಮಳೆ ನೆರಳಿನ ಸೀಮೆ, ಆಷಾಢದಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ. ಒಂದೇ ಕೊಕ್ಕೆಗೆ ನೇತುಬಿಟ್ಟ ಡಬ್ಬಿ ಆ ಗಾಳಿಗೆ ಗಂಟೆ ಹೊಡೆದ ಹಾಗೆ ಆಡುತ್ತೆ.

ಇನ್ನೊಂದು ತಪ್ಪು ಮಣ್ಣಿನದು. ಸುಲಭಕ್ಕೆ ಸಿಗುತ್ತೆ ಅಂತ ಹೊಲದ ಎರಿ ಮಣ್ಣು ತುಂಬಿದ್ದೆ. ಎರಿ ಮಣ್ಣು ಒಣಗಿದರೆ ಕುಗ್ಗಿ ಡಬ್ಬಿಯ ಅಂಚು ಬಿಡುತ್ತೆ. ಆಮೇಲೆ ಎಷ್ಟು ನೀರು ಹಾಕಿದರೂ ಆ ಸಂದಿಯಿಂದ ಸರ್ರನೆ ಇಳಿದುಹೋಗುತ್ತೆ, ನಡುವಿನ ಬೇರು ಒಣಗಿಯೇ ಇರುತ್ತೆ. ಕೆಳಗೆ ನೀರು ಸೋರೋದು ನೋಡಿ ನಾವು 'ಸಾಕಾಯ್ತು' ಅಂದುಕೊಳ್ತೀವಿ.

ಇಷ್ಟೆಲ್ಲ ನಡೀತಿರುವಾಗ ಅದೇ ಬೇಲಿಯ ಮೂಲೆಯಲ್ಲಿ, ಬಚ್ಚಲ ನೀರು ಹರಿಯೋ ಕಡೆ, ನಮ್ಮಜ್ಜಿ ನೆಟ್ಟ ಮಲ್ಲಿಗೆ ಗಿಡ ಒಂದಿತ್ತು. ಅದಕ್ಕಂತ ಯಾರೂ ಒಂದು ಚೆಂಬು ನೀರು ಹಾಕಿದ್ದಿಲ್ಲ. ಏಪ್ರಿಲ್‌ನಲ್ಲಿ ತಂತಿ ಮೇಲೆ ಒರಗಿ ಮೈತುಂಬ ಮೊಗ್ಗು ಬಿಟ್ಟಿತ್ತು. ಅದರ ಫೋಟೊ ನಾನು ಒಂದೂ ತೆಗೆದಿರಲಿಲ್ಲ.

ಹೂವಿನಹಡಗಲಿ ತಾಲ್ಲೂಕಿನವರು ನಾವು. ಹಂಪಿಯ ಪೂಜೆಗೆ ಇಲ್ಲಿಂದ ತುಂಗಭದ್ರೆಯಲ್ಲಿ ಹಡಗು ತುಂಬ ಹೂವು ಹೋಗ್ತಿತ್ತು, ಅದಕ್ಕೇ ಊರಿಗೆ ಆ ಹೆಸರು ಅಂತ ಹಿರಿಯರು ಹೇಳ್ತಾರೆ. ಹಡಗಲಿ ಮಲ್ಲಿಗೆಗೆ, ಅಂದರೆ ನಮ್ಮ ವಾಸನೆ ಮಲ್ಲಿಗೆಗೆ, ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಯ ಹಾಗೆಯೇ ಜಿಐ ಮಾನ್ಯತೆ ಇದೆ. ಇಷ್ಟಿದ್ದೂ ನಮ್ಮ ವಯಸ್ಸಿನವರ ಬೇಲಿಗಳಲ್ಲಿ ಈಗ ಕಾಣೋದು ನರ್ಸರಿಯ ಪೆಟೂನಿಯಾ. ನನ್ನದೂ ಅದರಲ್ಲೊಂದು, ಹಾಗಾಗಿ ಬೈಯೋ ಹಕ್ಕು ನನಗಿಲ್ಲ.

'ಹಂಗಾದ್ರೆ ಮಲ್ಲಿಗೇನೇ ಡಬ್ಬಿಗೆ ಹಾಕಿ ತೂಗುಬಿಡ್ತೀವಿ' ಅಂತ ಇಬ್ಬರು ಹುಡುಗರು ಕೇಳಿದರು. ಬೇಡ. ಕರಾವಳಿಯಲ್ಲಿ ಮನೆಯ ತಾರಸಿ ಮೇಲೆ ಕುಂಡದಲ್ಲಿ ಮಲ್ಲಿಗೆ ಬೆಳೆದು ಮಾರೋದು ನಿಜ, ವಿಡಿಯೋ ನೀವೂ ನೋಡಿರ್ತೀರಿ. ಆದರೆ ಆ ಜಾತಿಯೇ ಬೇರೆ, ಕುಂಡಗಳೂ ದೊಡ್ಡವು, ಅಲ್ಲಿನ ಗಾಳಿಯ ತೇವ ನಮ್ಮಲ್ಲಿಲ್ಲ. ವಾಸನೆ ಮಲ್ಲಿಗೆಗೆ ನೆಲವೇ ಬೇಕು. ಬೇಲಿಯಿಂದ ಒಂದಡಿ ಒಳಗೆ, ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೀರಿ. ಅದಕ್ಕೆ ಒಂದು ಬುಟ್ಟಿ ಹಳೇ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಮಳೆ ಹಿಡಿದ ಮೇಲೆ ಬೇರು ಬಂದ ಸಸಿ ನೆಡಿ, ಗಿಡದಿಂದ ಗಿಡಕ್ಕೆ ಐದಡಿ ಬಿಡಿ. ರೆಂಬೆ ಬೆಳೆದ ಹಾಗೆ ತಂತಿಗೆ ಸಡಿಲವಾಗಿ ಕಟ್ಟುತ್ತ ಹೋಗಿ. ಪ್ರತಿ ವರ್ಷ ಜನವರಿ ಕೊನೆಗೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಬೇಕು. ಕತ್ತರಿ ಹಾಕೋಕೆ ಜೀವ ಬರೋದಿಲ್ಲ ಅಂತ ಬಿಟ್ಟರೆ ಗಿಡ ಬರೀ ಎಲೆ ಆಗುತ್ತೆ, ಮೊಗ್ಗು ಬರೋದು ಹೊಸ ಚಿಗುರಿನಲ್ಲಿ. ಬಚ್ಚಲ ನೀರು ಹರಿಯೋ ಕಡೆ ಒಂದೆರಡು ಗಿಡ ಇರಲಿ.

ತೂಗುಡಬ್ಬಿ ಪೂರ್ತಿ ಬಿಡಿ ಅಂತ ನಾನು ಹೇಳೋದಿಲ್ಲ. ಅವ್ವನೇ ಬಿಡಗೊಡಲಿಲ್ಲ, 'ಎಂಟು ಇರ್ಲಿ, ಚಂದ ಕಾಣ್ತಾವ' ಅಂದಳು. ಆ ಎಂಟೂ ಈಗ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನುಗಳು. ನಮ್ಮ ಕಡೆ 'ಎಣ್ಣಿ ಡಬ್ಬಿ' ಅಂದರೆ ಬೆಳೆಗೆ ಹೊಡೆಯೋ ವಿಷದ ಡಬ್ಬಿಯೂ ಹೌದಲ್ಲ, ಅದನ್ನ ಮಾತ್ರ ಎಷ್ಟು ತೊಳೆದಿದ್ದರೂ ಮುಟ್ಟಬೇಡಿ. ಮುಡಿಯೋ ಹೂವು, ದೇವರಿಗೆ ಏರಿಸೋ ಹೂವು ಅದರಲ್ಲಿ ಬೆಳೀಬಾರದು. ಕ್ಯಾನಿಗೆ ಹೊರಗೆ ಸುಣ್ಣ ಬಳಿದಿದ್ದೀನಿ, ಇಲ್ಲಾ ಅಂದರೆ ಹಳೇ ಗೋಣಿಚೀಲ ಸುತ್ತಬಹುದು. ಒಳಗೆ ಎರಡು ಪಾಲು ಕೊಕೊಪಿಟ್, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮಸಾರಿ ಮಣ್ಣು. ನೀರು ಹಿಡಿದಾಗ ಒಂದೊಂದು ಐದು ಕೆ.ಜಿ. ದಾಟುತ್ತೆ. ಹಾಗಾಗಿ ತಂತಿಯ ನಡುವೆ ನೇತುಬಿಡದೆ ಕಲ್ಲುಕಂಬಕ್ಕೆ ಒತ್ತಿ ಎರಡು ಕಡೆ ಕಟ್ಟಿ, ಸೊಂಟದ ಎತ್ತರಕ್ಕಿಂತ ಮೇಲೆ ಬೇಡ. ಹಂದಿ ಕಾಟಕ್ಕೆ ಸೋಲಾರ್ ಝಟ್ಕಾ ಹಾಕಿದ್ದರೆ ಆ ಬೇಲಿಗೆ ಒಂದು ದಾರವನ್ನೂ ಕಟ್ಟಬೇಡಿ.

ಗಿಡ ಯಾವುದು? ಬಿಸಿಲಿಗೆ ಟೇಬಲ್ ರೋಸ್. ಎಲೆಯಲ್ಲೇ ನೀರು ಇಟ್ಟುಕೊಳ್ಳೋ ಗಿಡ, ಒಂದು ದಿನ ಮರೆತರೂ ಸಾಯೋದಿಲ್ಲ. ಬೇಲಿ ಆಚೆ ಆಡು ಓಡಾಡೋ ಕಡೆ ನಿತ್ಯಪುಷ್ಪ ಹಾಕಿ. ಅದು ಕಹಿ, ವಿಷವೂ ಹೌದು, ಆಡು ಮೂಸಿ ಮುಂದೆ ಹೋಗುತ್ತೆ. ಬೇವಿನ ಮರದ ಅರೆನೆರಳು ಬೀಳೋ ಜಾಗವಿದ್ದರೆ ಕನಕಾಂಬರ ಬರುತ್ತೆ, ಮುಡಿಯೋಕೂ ಆಯ್ತು. ಪೆಟೂನಿಯಾ ಆಸೆ ಇದ್ದರೆ ನವೆಂಬರಿನಿಂದ ಫೆಬ್ರವರಿವರೆಗೆ ಬೆಳೆದು, ಮಾರ್ಚಿಗೆ ತಿಪ್ಪೆಗೆ ಹಾಕಿಬಿಡಿ. ಸಂಕಟ ಪಡಬೇಡಿ.

ನೀರಿಗೆ ಮಾತ್ರ ಕೊಡ ಬೇಡವೇ ಬೇಡ. ಹೊಲದಲ್ಲಿ ಉಳಿದ 16 ಎಂ.ಎಂ. ಡ್ರಿಪ್ ಪೈಪನ್ನ ಬೇಲಿಯ ಮೇಲಿನ ತಂತಿಗೆ ಕಟ್ಟಿ, ಡಬ್ಬಿಗೊಂದು ಡ್ರಿಪ್ಪರ್ ಚುಚ್ಚಿ, ಕಟ್ಟೆ ಮೇಲಿನ ಡ್ರಮ್ಮಿಗೆ ಜೋಡಿಸಿ. ಡ್ರಮ್ಮಿನಿಂದ ಇಳಿಯೋ ನೀರಿಗೆ ಪಂಪಿನ ಒತ್ತಡ ಇರೋದಿಲ್ಲ, ಗಂಟೆಗೆ ಎರಡು ಲೀಟರ್ ಅಂತ ಬರೆದಿದ್ದರೂ ಅರ್ಧವೂ ಬೀಳದೇ ಇರಬಹುದು. ಒಂದು ಲೋಟ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತೆ ನೋಡಿ, ಆಮೇಲೆ ಎಷ್ಟು ಹೊತ್ತು ಬಿಡಬೇಕು ಅಂತ ಗೊತ್ತು ಮಾಡಿ. ಈಗ ನಮ್ಮನೇಲಿ ಅವ್ವ ಬೆಳಿಗ್ಗೆ ಚಹಾಕ್ಕೆ ಇಡುವಾಗ ವಾಲ್ವ್ ತಿರುಗಿಸ್ತಾಳೆ, ತಿಂಡಿ ಆದ ಮೇಲೆ ಬಂದ್ ಮಾಡ್ತಾಳೆ.

'ಬೇಲಿಯಿಂದ ತಿಂಗಳಿಗೆ ಸಾವಿರಾರು ರೂಪಾಯಿ ಆದಾಯ' ಅನ್ನೋ ವಿಡಿಯೋಗಳ ಬಗ್ಗೆಯೂ ಕೇಳ್ತೀರಿ. ನನ್ನ 40 ಡಬ್ಬಿಯಿಂದ ಒಂದು ರೂಪಾಯಿಯೂ ಬಂದಿಲ್ಲ.

ಆ ಹಳೇ ಬಾಟಲಿಗಳನ್ನ ಎಸೆದಿಲ್ಲ. ಬೇವಿನ ನೆರಳಲ್ಲಿ ನೆಲದ ಮೇಲೆ ಸಾಲಾಗಿ ಇಟ್ಟು, ಅಜ್ಜಿಯ ಗಿಡದ ಕಡ್ಡಿ ಚುಚ್ಚಿದ್ದೀನಿ. 22 ಚಿಗುರಿವೆ. ನಮ್ಮ ಬೇಲಿಗೆ ಒಂಬತ್ತು ಸಾಕು, ಉಳಿದವು ಊರಿನವರು ಯಾರಾದರೂ ಕೇಳಿದರೆ ಕೊಡ್ತೀನಿ, ಗುಂಡಿ ತೆಗೆದ ಫೋಟೊ ಮೊದಲು ಕಳಿಸಿ.