ನೆಲ ಅವರದು, ಮನೆ ನಮ್ಮದು

ಗುಲ್ಬರ್ಗ, ರಾಯಚೂರು, ಬೀದರುಗಳಿಂದ ನೌಕರಿಗೆಂದು ಹೈದರಾಬಾದಿಗೆ ಬಂದ ನಮ್ಮ ಹಿರಿಯರಲ್ಲಿ ಕೆಲವರು ನೆಲವನ್ನು ಗುತ್ತಿಗೆಗೆ ಹಿಡಿದು, ಅದರ ಮೇಲೆ ಸ್ವಂತ ಖರ್ಚಿನಿಂದ ಮನೆ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ನೆಲಬಾಡಿಗೆ ಕೊಟ್ಟು ರಸೀದಿ ಪಡೆದರೆ ಆಯಿತು. ಈಗ ಆ ಹಿರಿಯರೂ ಇಲ್ಲ, ನೆಲ ಕೊಟ್ಟವರೂ ಇಲ್ಲ. ನೆಲದ ಬೆಲೆ ಮಾತ್ರ ಆಕಾಶಕ್ಕೇರಿದೆ. ಆದ್ದರಿಂದ ನೋಟೀಸು ಬರುತ್ತದೆ.

ನಮ್ಮ ಬಳಗದ ತಾಯಿಯೊಬ್ಬರಿಗೆ ಈಚೆಗೆ ಅಂಥದೊಂದು ನೋಟೀಸು ಬಂದಿದೆ. ಹದಿನೈದು ದಿನದಲ್ಲಿ ಜಾಗ ಬಿಡಬೇಕಂತೆ. ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. ವಕೀಲರೊಬ್ಬರು ಮುಂಗಡವಾಗಿ ಕೇಳಿದ ಫೀಜು ಆಕೆಯ ಮೂರು ತಿಂಗಳ ಪಿಂಚಣಿ. ಬಂಧುಗಳು, "ಯಾರು ಏನು ಮಾಡಿಯಾರು, ಬಾಡಿಗೆ ನಿಲ್ಲಿಸಿಬಿಡಿ" ಎಂದು ಬುದ್ಧಿ ಹೇಳಿದರು. ಇದು ಕೆಟ್ಟ ಬುದ್ಧಿ. ಬಾಡಿಗೆಯನ್ನು ಕಳಿಸುತ್ತಲೇ ಇರಬೇಕು, ಕಳಿಸಿದ್ದಕ್ಕೆ ಪುರಾವೆಯನ್ನೂ ಇಟ್ಟುಕೊಳ್ಳಬೇಕು.

ನೋಟೀಸಿನ ಅವಧಿ ಮುಗಿದ ಮಾತ್ರಕ್ಕೆ ಯಾರೂ ಸಾಮಾನನ್ನು ಬೀದಿಗೆ ಹಾಕುವಂತಿಲ್ಲ. ದಾವೆ ಹೂಡಿ ಡಿಕ್ರಿ ಪಡೆಯಬೇಕು. ಗುತ್ತಿಗೆ ತೀರಿದ ಮೇಲೂ ಒಡೆಯರು ಬಾಡಿಗೆ ಸ್ವೀಕರಿಸಿದ್ದರೆ, ಗುತ್ತಿಗೆ ಮುಂದುವರಿದಿದೆಯೆಂದು ವಾದಿಸಲು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 116ನೆಯ ಕಲಮು ಆಧಾರ. ಬಾಕಿಗಾಗಿ ಬಿಡಿಸಹೊರಟರೆ, ಬಾಕಿಯನ್ನು ಬಡ್ಡಿ ಖರ್ಚುಗಳ ಸಮೇತ ಕಟ್ಟಿದವರಿಗೆ ಕೋರ್ಟು ರಿಯಾಯಿತಿ ತೋರಬಹುದೆನ್ನುತ್ತದೆ 114ನೆಯದು. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಾನು ಕಟ್ಟಿದ್ದನ್ನು ಬಿಚ್ಚಿಕೊಂಡು ಹೋಗುವ ಹಕ್ಕನ್ನು 108ನೆಯದು ಕೊಟ್ಟಿದೆ. ಗೋಡೆ ಹೊತ್ತುಕೊಂಡು ಎಲ್ಲಿಗೆ ಹೋಗಬೇಕೆಂಬುದನ್ನು ಮಾತ್ರ ಹೇಳಿಲ್ಲ! ಬಾಡಿಗೆ ನಿಯಂತ್ರಣದ 1960ರ ಕಾಯಿದೆಯನ್ನು ನೆಚ್ಚಿ ಕೂಡಬೇಡಿ. ಅದು ಕಟ್ಟಡಗಳ ಬಾಡಿಗೆಗೆ, ಬರಿಯ ನೆಲಕ್ಕಲ್ಲ.

ಇನ್ನು ಫೀಜಿನ ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನಂತೆ ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಸರ್ಕಾರಿ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ವ್ಯವಹಾರದಲ್ಲಿ ಹುರುಳಿದೆಯೆಂದು ಪ್ರಾಧಿಕಾರಕ್ಕೆ ತೋರಿದರೆ ಸಾಕು. ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವಿಕಲರಿಗೂ ಕಾರ್ಖಾನೆಯ ಕೆಲಸಗಾರರಿಗೂ ಹೀಗೆಯೇ. ಉಳಿದವರಿಗೆ ವರಮಾನದ ಮಿತಿಯುಂಟು. ನಮ್ಮಂಥ ಗುಮಾಸ್ತರು ಆ ಮಿತಿಯ ಆಚೆಗೂ ವಕೀಲರ ಫೀಜಿನ ಈಚೆಗೂ ನಿಂತವರು.

ಹೋಗಬೇಕಾದದ್ದು ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿನಲ್ಲಿರುವ ನ್ಯಾಯ ಸೇವಾ ಸದನಕ್ಕೆ. 15100ಕ್ಕೆ ಫೋನು ಮಾಡಿಯೂ ವಿಚಾರಿಸಬಹುದು. ಅರ್ಜಿಯನ್ನು ತೆಲುಗಿನಲ್ಲಿಯೋ ಇಂಗ್ಲೀಷಿನಲ್ಲಿಯೋ ಬರೆಯಿರಿ. ಕರಾರುಪತ್ರ, ವರ್ಷವಾರು ಜೋಡಿಸಿದ ರಸೀದಿಗಳು, ನೋಟೀಸು, ಅದು ಬಂದ ಲಕೋಟೆ, ಇವಿಷ್ಟೂ ಕೈಯಲ್ಲಿರಲಿ. ಲಕೋಟೆಯನ್ನು ಒಲೆಗೆ ಹಾಕುವವರುಂಟು. ತಾರೀಖು ಇರುವುದೇ ಅದರ ಮೇಲೆ.

ಎರಡು ಕಡೆಯವರೂ ರಾಜಿಗೆ ಒಪ್ಪಿದರೆ ಲೋಕ ಅದಾಲತ್ತು ಉಂಟು. ಅಲ್ಲಿ ಫೀಜಿಲ್ಲ, ಮೊದಲೇ ಕಟ್ಟಿದ ಕೋರ್ಟು ಫೀಜೂ ವಾಪಸು. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. ರುಜು ಮಾಡುವ ಮುಂಚೆ ಎರಡು ಸಲ ಓದಿಸಿಕೊಳ್ಳಿ.

ಆ ತಾಯಿ ಬರುವ ಸೋಮವಾರ ಪುರಾನಿ ಹವೇಲಿಗೆ ಹೋಗುವವರಿದ್ದಾರೆ. ಅವರ ಕರಾರುಪತ್ರ ನಿಜಾಮರ ಕಾಲದ್ದು, ಉರ್ದುವಿನಲ್ಲಿದೆ. ಅದನ್ನು ಓದಿ ಹೇಳಬಲ್ಲ ಹಿರಿಯರು ಬಳಗದಲ್ಲಿದ್ದರೆ ದಯವಿಟ್ಟು ಸಂಘದ ಕಛೇರಿಗೆ ತಿಳಿಸಬೇಕು.