ಕಿವಿಗೆ ಕನ್ನಡ, ಕಣ್ಣಿಗೆ ತೆಲುಗು

ವಿಜಯದಾಸರು 1755ರಲ್ಲಿ ದೇಹಬಿಟ್ಟ ಚಿಪ್ಪಗಿರಿ ಇರುವುದು ಆಂಧ್ರದ ಆಲೂರು ಸೀಮೆಯಲ್ಲಿ. ಕಾರ್ತಿಕ ಶುದ್ಧ ದಶಮಿಯ ಆರಾಧನೆಗೆ ಹೋದವರು ಭಜನೆ ಹೆಂಗಸರ ಕೈಲಿರುವ ಹಾಡಿನ ಪುಸ್ತಕವನ್ನೊಮ್ಮೆ ಇಣುಕಿ ನೋಡಬೇಕು. ಹಾಡು ಅಚ್ಚ ಕನ್ನಡ, ಅಕ್ಷರ ತೆಲುಗು. ಆದವಾನಿ ಸೀಮೆಯ ಎಪ್ಪತ್ತು ವರ್ಷಗಳ ಜಮಾಖರ್ಚು ಆ ಪುಟದಲ್ಲೇ ಇದೆ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ ಉಳಿಯಿತೆಂದು ಹಿಗ್ಗಿದ ನಾವು ಹೋದ ಮೂರನ್ನು ಬೇಗ ಮರೆತೆವು. ಆ ವ್ಯಾಜ್ಯ ಕೆದಕುವ ಆಸೆ ನನಗಿಲ್ಲ. ತೆಲುಗರೇನೂ ಅಲ್ಲಿ ಹೊಸಬರಲ್ಲ.

ಅಷ್ಟಾದರೂ ಕನ್ನಡದ ಮಾತು ಉಳಿದದ್ದು ದೇವರಿಂದ, ಪೇಟೆಯಿಂದ. ಆದವಾನಿಯ ಸಿದ್ದಿ ಮಸೂದ್ ಖಾನ್ ಕೊಟ್ಟನೆನ್ನುವ ಮಂಚಾಲೆಯಲ್ಲಿ 1671ರಲ್ಲಿ ರಾಘವೇಂದ್ರ ರಾಯರು ವೃಂದಾವನಸ್ಥರಾದರು. ಇಂದಿನ ಮಂತ್ರಾಲಯದಲ್ಲಿ ಕನ್ನಡ ಆಡಲು ಯಾರೂ ಹಿಂದೆಮುಂದೆ ನೋಡಬೇಕಿಲ್ಲ. ಶ್ರಾವಣ ಬಂತೆಂದರೆ ಉರುಕುಂದ ಈರಣ್ಣನಿಗೆ, ವಿಜಯದಶಮಿ ರಾತ್ರಿ ದೇವರಗಟ್ಟಿನ ಬಡಿಗೆಯಾಟಕ್ಕೆ, ಗಡಿ ದಾಟಿ ಜನ ಹೋಗುತ್ತಾರೆ. ಹತ್ತಿ ಹೇರಿಕೊಂಡು ಆದವಾನಿಗೆ ಬಂದ ರೈತ ಎರಡು ಭಾಷೆಯಲ್ಲೂ ಧಾರಣೆ ಕೇಳಬಲ್ಲ.

ಖೋತಾ ಬಿದ್ದದ್ದು ಅಕ್ಷರದಲ್ಲಿ. ಕನ್ನಡ ಶಾಲೆಗಳೇನೋ ಇವೆ. ಹತ್ತನೆಯದು ಮುಗಿದ ಮೇಲೆ ಮುಂದೇನು ಎಂಬಲ್ಲಿ ಅಪ್ಪ ಅಮ್ಮಂದಿರ ಧೈರ್ಯ ಕುಸಿಯುತ್ತದೆ. 2019ರಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರಲು ಹೊರಟಿತು. ಮರುವರ್ಷ ಹೈಕೋರ್ಟು ಆ ಆದೇಶ ರದ್ದುಮಾಡಿತು. ಆ ಗದ್ದಲದಲ್ಲಿ ಕನ್ನಡದ ಹೆಸರು ಎಷ್ಟು ಜನರ ಬಾಯಲ್ಲಿ ಬಂತು? ನಮ್ಮ ಕಡೆಯಿಂದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರ ಮೀಸಲಾತಿ ಇದೆ, ಒಳ್ಳೆಯದೇ. ಆದರೆ ಸೀಟು ಹುಡುಗನನ್ನು ಬೆಂಗಳೂರಿಗೆ ಕರೆತರುತ್ತದೆ, ಅಲ್ಲಿನ ಹೊಳಗುಂದದಲ್ಲಿ ಕನ್ನಡ ಓದುವವನೊಬ್ಬ ಕಮ್ಮಿಯಾಗುತ್ತಾನೆ.

ಹೀಗೆ ನುಡಿ ಸವೆಯುವ ಸಂಕಟ ಬೇರೆಡೆಯೂ ಉಂಟು. ತೈವಾನಿನ ಹಕ್ಕ ಜನ (ನಮ್ಮ ಹಕ್ಕ-ಬುಕ್ಕರ ಹಕ್ಕನಲ್ಲ, ನೂಡಲ್ಸಿನ ಹಕ್ಕ) ತಾಯ್ನುಡಿ ಹಿಂದಿರುಗಿಸಿ ಎಂದು 1988ರಲ್ಲಿ ತೈಪೆಯ ಬೀದಿಗಿಳಿದರು. 2003ರಲ್ಲಿ ಅವರ ನುಡಿಗೇ ಒಂದು ಟಿವಿ ವಾಹಿನಿ ಬಂತು. ಆದವಾನಿಗೆ ವಾಹಿನಿ ಬೇಡ, ಒಂದು ಪುಸ್ತಕ ಸಾಕು: ದಾಸರ ಹಾಡು, ಎಡಪುಟದಲ್ಲಿ ತೆಲುಗು ಲಿಪಿ, ಬಲಪುಟದಲ್ಲಿ ಕನ್ನಡ. ಲಿಪಿಗಳು ಅಕ್ಕತಂಗಿಯರು, ತೆಲುಗಿನ ತಲೆಕಟ್ಟು ಮೇಷ್ಟ್ರ ರೈಟ್ ಗುರುತಿನ ಹಾಗೆ, ನಮ್ಮದು ಅಡ್ಡಗೆರೆ ಎಳೆದು ತುದಿ ಕೊಂಕಿಸಿದ ಹಾಗೆ. ಹಾಡಂತೂ ಬಾಯಿಪಾಠವಾಗಿದೆ. ಬೆರಳಿಟ್ಟು ಎರಡೂ ಪುಟ ನೋಡುತ್ತಾ ಹಾಡಿದರೆ, ಆರಾಧನೆ ಮುಗಿಯುವಷ್ಟರಲ್ಲಿ ಬಸ್ಸಿನ ಬೋರ್ಡು ಓದುವಷ್ಟು ಬಂದೀತು.